ಕಂಠಿಕೆಯ ಹೊಣೆ: ಕನ್ನಡ ನಾಡಿನ ಶಾಸನಗಳಲ್ಲಿ ಯುವರಾಜ ಪದವಿ



ಯುವರಾಜ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಅರಸನ ಹಿರಿಯ ಮಗ. ಅವನು ಹುಟ್ಟಿದ ಗಳಿಗೆಯಲ್ಲೇ ಸಿಂಹಾಸನ ಅವನದೆಂದು ಗೊತ್ತಾಗಿರುತ್ತದೆ. ಅಪ್ಪನ ಕಾಲ ಮುಗಿಯುವ ತನಕ ಕಾಯುವುದೊಂದೇ ಅವನ ಕೆಲಸ. ನಾಟಕ, ಸಿನಿಮಾಗಳು ಈ ಚಿತ್ರವನ್ನು ಗಟ್ಟಿಮಾಡಿವೆ. ಇಂದು ಪತ್ರಿಕೆಗಳು ಯಾವುದೋ ರಾಜಕಾರಣಿಯ ಮಗನನ್ನು ಯುವರಾಜನೆಂದು ಕರೆಯುವಾಗಲೂ ಮನಸ್ಸಿನಲ್ಲಿರುವುದು ಇದೇ ಅರ್ಥ: ದುಡಿಯದೆ, ಹುಟ್ಟಿನಿಂದಲೇ ದಕ್ಕುವ ಅಧಿಕಾರ. ಇದು ಆ ಪದವಿಗೆ ಮಾಡುವ ಅನ್ಯಾಯ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕನ್ನಡ ನಾಡಿನ ಶಾಸನಗಳನ್ನು ಸಾಲಾಗಿ ಓದಿದರೆ ಯುವರಾಜ ಪದವಿಯ ಬೇರೆಯದೇ ಚಹರೆ ಕಾಣುತ್ತದೆ. ಅದು ಜನ್ಮದ ಹಕ್ಕಿನ ಹೆಸರಾಗಿರಲಿಲ್ಲ. ನೆರೆದವರ ಮುಂದೆ ಒಬ್ಬನಿಗೆ ಒಪ್ಪಿಸಿದ ಅಧಿಕಾರಸ್ಥಾನವಾಗಿತ್ತು. ಆ ಸ್ಥಾನಕ್ಕೆ ಸೀಮೆ, ಸೈನ್ಯ, ಲೆಕ್ಕಪತ್ರ ಎಲ್ಲವೂ ಅಂಟಿಕೊಂಡಿದ್ದವು. ಮುಂದಿನ ಅರಸ ಯಾರು ಎಂಬ ಪ್ರಶ್ನೆಗೆ ಹುಟ್ಟು ಪೂರ್ತಿ ಉತ್ತರ ಕೊಡಲಾರದಾಗಿದ್ದರಿಂದಲೇ ಇಂಥ ಒಂದು ಪದವಿ ಬೇಕಾಯಿತು. ಈ ಮಾತಿಗೆ ಆಧಾರಗಳೇನು, ಇದರ ವಿರುದ್ಧ ಏನು ಹೇಳಬಹುದು, ಆ ಆಕ್ಷೇಪಗಳು ಎಷ್ಟರ ಮಟ್ಟಿಗೆ ನಿಲ್ಲುತ್ತವೆ ಎಂಬುದು ಇಂದಿನ ಉಪನ್ಯಾಸದ ವಿಷಯ.

ಮೊದಲು ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆಗೆದುಕೊಳ್ಳೋಣ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕ ಓಲೆಗರಿಯ ಪ್ರತಿಯಿಂದ 1909ರಲ್ಲಿ ಅಚ್ಚಾಗಿ ಲೋಕಕ್ಕೆ ತಿಳಿದ ಗ್ರಂಥವಿದು. ಇದರಲ್ಲಿ ರಾಜ್ಯದ ಹದಿನೆಂಟು ‘ತೀರ್ಥ’ಗಳನ್ನು, ಅಂದರೆ ಪ್ರಮುಖ ಅಧಿಕಾರಸ್ಥಾನಗಳನ್ನು, ಹೆಸರಿಸುವಾಗ ಮಂತ್ರಿ, ಪುರೋಹಿತ, ಸೇನಾಪತಿಗಳ ಬೆನ್ನಿಗೇ ಯುವರಾಜ ಬರುತ್ತಾನೆ. ಸಂಬಳದ ಪಟ್ಟಿ ಇನ್ನೂ ಸ್ಪಷ್ಟ. ಯುವರಾಜನಿಗೆ ವರ್ಷಕ್ಕೆ 48,000 ಪಣ. ಮಂತ್ರಿಗೂ ಸೇನಾಪತಿಗೂ ಅಷ್ಟೇ. ಅದೇ ಅರಮನೆಯಲ್ಲಿ ಹುಟ್ಟಿದ ಉಳಿದ ಕುಮಾರರಿಗೆ 12,000 ಪಣ ಮಾತ್ರ. ಅಣ್ಣತಮ್ಮಂದಿರ ಮೈಯಲ್ಲಿ ಹರಿಯುವ ರಕ್ತ ಒಂದೇ. ಸಂಬಳದಲ್ಲಿ ನಾಲ್ಕು ಪಟ್ಟು ವ್ಯತ್ಯಾಸವಾಗುವುದು ಹುಟ್ಟಿನಿಂದಲ್ಲ, ಸ್ಥಾನದಿಂದ. ಸಂಬಳ ಎಂಬುದನ್ನೇ ತಾವು ಗಮನಿಸಬೇಕು. ರಾಜ್ಯದ ಒಡೆತನ ತನ್ನದೆಂದು ಕಾಯುತ್ತ ಕೂತವನಿಗೆ ಯಾರೂ ಸಂಬಳ ಗೊತ್ತುಮಾಡುವುದಿಲ್ಲ. ಕೆಲಸ ಇದ್ದವನಿಗೆ ಮಾಡುತ್ತಾರೆ. ಅರ್ಥಶಾಸ್ತ್ರ ಹೇಳಿದ್ದೆಲ್ಲ ಹಾಗೆಯೇ ನಡೆದಿತ್ತೆಂದು ಹೇಳಲು ಬರುವುದಿಲ್ಲ, ಅದು ಶಾಸ್ತ್ರಗ್ರಂಥ. ಆದರೆ ರಾಜ್ಯದ ಕಟ್ಟಡವನ್ನು ಅಷ್ಟು ಕೂಲಂಕಷವಾಗಿ ಯೋಚಿಸಿದವನು ಯುವರಾಜನನ್ನು ಯಾವ ಸಾಲಿನಲ್ಲಿ ನಿಲ್ಲಿಸಿದ ಎಂಬುದಕ್ಕೆ ಬೆಲೆ ಇದೆ.

ನಮ್ಮ ಜನ ಕೇಳುತ್ತ ಬಂದ ಕಥೆಗಳೂ ಇದನ್ನೇ ಹೇಳುತ್ತವೆ. ವಾಲಿ ಸತ್ತ ಮೇಲೆ ಸುಗ್ರೀವನಿಗೆ ಪಟ್ಟವಾಗುತ್ತದೆ. ಯುವರಾಜನಾಗುವವನು ಸುಗ್ರೀವನ ಮಗನಲ್ಲ, ವಾಲಿಯ ಮಗ ಅಂಗದ. ಒಡೆದ ಮನೆಯನ್ನು ಬೆಸೆಯಲು ಆ ಪದವಿ ಬಳಕೆಯಾದದ್ದು ಕಿಷ್ಕಿಂಧೆಯಲ್ಲಿ, ಎಂದರೆ ಹಂಪೆ ಆನೆಗೊಂದಿಯ ಸೀಮೆಯವರು ಇಂದಿಗೂ ತಮ್ಮದೆನ್ನುವ ನೆಲದಲ್ಲಿ. ಪಟ್ಟಾಭಿಷೇಕವಾದ ರಾಮ ಯುವರಾಜನನ್ನಾಗಿ ಮಾಡಿದ್ದು ಭರತನನ್ನು, ಅದೂ ಲಕ್ಷ್ಮಣ ಒಲ್ಲೆನೆಂದ ಮೇಲೆ. ಯುದ್ಧ ಮುಗಿದ ಹಸ್ತಿನಾವತಿಯಲ್ಲಿ ಧರ್ಮರಾಯ ಆ ಸ್ಥಾನ ಕೊಟ್ಟದ್ದು ಭೀಮನಿಗೆ. ಸಿಂಹಾಸನದ ಸರದಿಗಾಗಿ ಕಾಯುತ್ತಿದ್ದವರು ಇವರಲ್ಲಿ ಯಾರು? ಅಂಗದನೊಬ್ಬನ ವಿಷಯದಲ್ಲಿ ಹಾಗೆ ಹೇಳಬಹುದೇನೋ. ಭರತ, ಭೀಮರು ರಾಜ್ಯಭಾರದಲ್ಲಿ ಹೆಗಲು ಕೊಟ್ಟವರು. ಕಾವ್ಯದ ಮಾತು ಅಷ್ಟಕ್ಕಿರಲಿ, ಶಾಸನಗಳಿಗೆ ಬರೋಣ.

ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಹಳೆಯ ಪುಲಿಗೆರೆ. ಅಲ್ಲಿನ ಒಂದು ಕಂಬದ ಮೇಲೆ ಬಾದಾಮಿ ಚಾಲುಕ್ಯರ ಕಾಲದ ಕನ್ನಡ ಶಾಸನವಿದೆ. ಕಾಲ ಸುಮಾರು ಕ್ರಿ.ಶ. 725. ಆಗ ಬಾದಾಮಿಯಲ್ಲಿ ಆಳುತ್ತಿದ್ದವನು ವಿಜಯಾದಿತ್ಯ. ಶಾಸನ ಹೊರಡಿಸಿದವನು ಮಾತ್ರ ಅವನ ಮಗ, ಯುವರಾಜ ವಿಕ್ರಮಾದಿತ್ಯ. ದೇವರಿಗೆ ಭೂಮಿ ಬಿಟ್ಟ ಶಾಸನವಲ್ಲ ಇದು, ಗೆದ್ದ ಯುದ್ಧದ ವರ್ಣನೆಯೂ ಅಲ್ಲ. ಪುಲಿಗೆರೆಯ ಮಹಾಜನರು, ನಗರದ ವರ್ತಕರು ಮತ್ತು ಹದಿನೆಂಟು ಪ್ರಕೃತಿಗಳಿಗೂ (ಪ್ರಜಾವರ್ಗಗಳಿಗೂ) ಅರಸನ ಅಧಿಕಾರಿಗಳಿಗೂ ನಡುವೆ ಯಾರು ಯಾರಿಗೆ ಏನು ಸಲ್ಲಿಸಬೇಕು, ಯಾರು ಯಾವುದನ್ನು ಮುಟ್ಟಕೂಡದು ಎಂದು ಕಟ್ಟುಮಾಡಿದ ಆಚಾರವ್ಯವಸ್ಥೆ. ರಾಜಪುರುಷರು ಕಾಪಾಡಬೇಕಾದವುಗಳನ್ನು ಅದು ಎಣಿಸಿ ಹೇಳುತ್ತದೆ: ಅರಸನ ದಾನ, ಅರಸನ ಘೋಷಣೆ, ಸಜ್ಜನರ ಪ್ರಮಾಣ, ಹಿಂದಿನಿಂದ ನಡೆದುಬಂದ ಮರ್ಯಾದೆ, ತಾಮ್ರಶಾಸನ, ಅನುಭವಿಸುತ್ತ ಬಂದ ಆಸ್ತಿಯ ಅನುಭೋಗ. ಮನೆತನಗಳ ಅಂತಸ್ತು ನೋಡಿ ತೆರಿಗೆಯ ಮೊತ್ತ ಗೊತ್ತುಮಾಡುತ್ತದೆ. ಉಳ್ಳವನಿಗೆ ಹೆಚ್ಚು, ಇಲ್ಲದವನಿಗೆ ಕಡಿಮೆ. ಕಳವಿನ ದಂಡ, ಮಕ್ಕಳಿಲ್ಲದವರ ಆಸ್ತಿ ಇಂಥವು ಯಾರ ಕೈಸೇರಬೇಕು ಎಂಬುದನ್ನೂ ಬಿಟ್ಟಿಲ್ಲ. ಇದನ್ನು ಓದುತ್ತ ಹೋದಂತೆ ಯುವರಾಜ ಎಂಬ ಸ್ಥಾನದ ದಿನದಿನದ ಬದುಕು ಕಣ್ಣಿಗೆ ಕಟ್ಟುತ್ತದೆ. ಒಂದು ವ್ಯಾಪಾರದ ಊರಿನ ತೆರಿಗೆ, ದಂಡ, ವಾರಸುದಾರಿಕೆಯ ತೊಡಕುಗಳ ನಡುವೆ ಕೂತು, ಊರವರು ಒಪ್ಪುವ ಹಾಗೆ, ಅರಸನ ಬೊಕ್ಕಸಕ್ಕೂ ನಷ್ಟವಾಗದ ಹಾಗೆ ಕಟ್ಟಳೆ ಬರೆಸುವುದು ಸಣ್ಣ ಕೆಲಸವಲ್ಲ. ಅದನ್ನು ಮಾಡುವಾಗ ಆತ ‘ವಿಜಯಾದಿತ್ಯನ ಮಗ’ ಎಂಬಷ್ಟಕ್ಕೇ ನಿಲ್ಲಲಿಲ್ಲ. ಯುವರಾಜ ಎಂಬ ಹೆಸರಿನಲ್ಲಿ ಕಟ್ಟಳೆ ಹೊರಟಿತು. ಆ ಹೆಸರಿನ ಅಧಿಕಾರವನ್ನು ಪುಲಿಗೆರೆಯವರು ಮಾನ್ಯಮಾಡಿ ಕಲ್ಲಿನಲ್ಲಿ ನಿಲ್ಲಿಸಿಕೊಂಡರು. ಕನ್ನಡ ನಾಡಿನ ಆಡಳಿತ ಚರಿತ್ರೆಯಲ್ಲಿ ಈ ಕಂಬಕ್ಕೆ ಸಮನಾದ ದಾಖಲೆಗಳು ಹೆಚ್ಚಿಲ್ಲ. ನಮ್ಮ ಶಾಲಾಪುಸ್ತಕಗಳು ಪುಲಿಕೇಶಿ ಹರ್ಷರ ಕಾಳಗಕ್ಕೆ ಕೊಡುವ ಜಾಗದಲ್ಲಿ ಹತ್ತರಲ್ಲೊಂದು ಪಾಲನ್ನಾದರೂ ಇದಕ್ಕೆ ಕೊಡಬೇಕಿತ್ತು ಎಂದು ನನಗೆ ತೀವ್ರವಾಗಿ ಅನ್ನಿಸುತ್ತದೆ.

ಅದೇ ವಿಕ್ರಮಾದಿತ್ಯನ ಹೆಸರು ನಮಗೆಲ್ಲ ಗೊತ್ತಿರುವುದು ಕಂಚಿಯನ್ನು ಮೂರು ಸಲ ಗೆದ್ದವನೆಂದು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು, ಅಂದಿನ ಲೋಕೇಶ್ವರವನ್ನು, ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ಆ ಮೂರು ಗೆಲುವುಗಳ ನೆನಪಿಗೆ. ಅಲ್ಲಿನ ಶಾಸನವೇ ಹಾಗೆ ಹೇಳುತ್ತದೆ. ಆ ಮೂರನ್ನು ಬಿಡಿಸಿ ನೋಡಿದರೆ ಒಂದು ಸಂಗತಿ ಹೊರಬೀಳುತ್ತದೆ. ಮೊದಲನೆಯದು ಆತ ಇನ್ನೂ ಯುವರಾಜನಾಗಿದ್ದಾಗಿನದು. ಕರ್ನೂಲು ಸೀಮೆಯ ಉಳ್ಚಾಲದ ಶಾಸನ ವಿಜಯಾದಿತ್ಯನ ಆಳ್ವಿಕೆಯ 35ನೆಯ ವರ್ಷದ್ದು. ಯುವರಾಜ ವಿಕ್ರಮಾದಿತ್ಯ ಕಂಚಿಯ ಮೇಲೆ ಹೋಗಿ ಪಲ್ಲವ ಪರಮೇಶ್ವರನಿಂದ ಕಪ್ಪ ಪಡೆದು ಮರಳಿದ್ದನ್ನು ಅದು ದಾಖಲಿಸುತ್ತದೆ. ಎರಡನೆಯ ಸಲ ಆತ ಅರಸ. ಕಂಚಿಯ ಕೈಲಾಸನಾಥ ದೇವಾಲಯದ ಸಂಪತ್ತನ್ನು ಮುಟ್ಟದೆ ದೇವರಿಗೇ ಬಿಟ್ಟದ್ದನ್ನು ಅಲ್ಲಿಯ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ್ದು ಆಗಲೇ. ಮೂರನೆಯ ದಂಡಯಾತ್ರೆ ಅವನ ಮಗ ಕೀರ್ತಿವರ್ಮನದು. 757ರ ವಕ್ಕಲೇರಿ ತಾಮ್ರಶಾಸನದ ಪ್ರಕಾರ ಯುವರಾಜ ಕೀರ್ತಿವರ್ಮ ತಂದೆಯ ಅಪ್ಪಣೆ ಬೇಡಿ ಪಡೆದು ಕಂಚಿಗೆ ಹೋದ. ಪಲ್ಲವ ಅರಸ ಕೋಟೆಯೊಳಗೆ ಸೇರಿಕೊಂಡ. ಕೈಗೆ ಬಂದ ಆನೆ, ಚಿನ್ನ, ಮಾಣಿಕ್ಯಗಳನ್ನು ಯುವರಾಜ ತಂದು ತಂದೆಗೆ ಒಪ್ಪಿಸಿದ. ನಾವು ಒಬ್ಬ ಅರಸನ ಖಾತೆಗೆ ಬರೆದಿಟ್ಟ ಮೂರು ಗೆಲುವುಗಳಲ್ಲಿ ಎರಡು ಯುವರಾಜರ ಗೆಲುವುಗಳು. ಅಪ್ಪಣೆ ಪಡೆದದ್ದು, ಗಳಿಸಿದ್ದನ್ನು ಒಪ್ಪಿಸಿದ್ದು, ಇವೆರಡನ್ನೂ ಶಾಸನ ಬರೆದವರು ಬಿಡದೆ ಹೇಳಿರುವುದು ಅರ್ಥಪೂರ್ಣ. ಯುವರಾಜನಿಗೆ ಸೈನ್ಯವಿತ್ತು, ಸ್ವಾತಂತ್ರ್ಯಕ್ಕೆ ಮೇರೆಯೂ ಇತ್ತು.

ರಾಷ್ಟ್ರಕೂಟರ ಕಾಲಕ್ಕೆ ಬಂದರೆ ಈ ಪದವಿಯ ಒಳಗಿನ ಬಿಕ್ಕಟ್ಟು ಬಿಚ್ಚಿಕೊಳ್ಳುತ್ತದೆ. 770ರ ಆಳಸ್ ತಾಮ್ರಶಾಸನ ಹೊರಡಿಸಿದವನು ಒಂದನೆಯ ಕೃಷ್ಣನ ಮಗ, ಯುವರಾಜ ಗೋವಿಂದ. ಕೃಷ್ಣವೇಣಿ ಮತ್ತು ಮೂಸಿ ನದಿಗಳ ಕೂಡಲಿನಲ್ಲಿ ಅವನ ಬೀಡು ಬಿಟ್ಟಿತ್ತು. ವೆಂಗಿಯ ವಿಷ್ಣುವರ್ಧನ ಅಲ್ಲಿಗೆ ಬಂದು ಬೊಕ್ಕಸ, ಸೈನ್ಯ, ನೆಲವನ್ನು ಒಪ್ಪಿಸಿದ. ಇಷ್ಟು ಸಾಧಿಸಿದ ಯುವರಾಜ ಮುಂದೆ ಎರಡನೆಯ ಗೋವಿಂದನಾಗಿ ಪಟ್ಟಕ್ಕೆ ಬಂದ, ಆದರೆ ಕೆಲವೇ ವರ್ಷಗಳಲ್ಲಿ, ಸುಮಾರು 780ರ ಹೊತ್ತಿಗೆ, ತಮ್ಮ ಧ್ರುವ ಅವನನ್ನು ಇಳಿಸಿದ. ಆ ವಂಶದವರು ಇದಕ್ಕೆ ಕೊಟ್ಟ ಕಾರಣವನ್ನು ನೋಡಿ. ಮೂರನೆಯ ಕೃಷ್ಣನ ಕಾಲದ ಕರ್ಹಾಡ ಶಾಸನ ಹೇಳುವ ಪ್ರಕಾರ ಗೋವಿಂದ ಭೋಗದಲ್ಲಿ ಮುಳುಗಿ ರಾಜ್ಯಭಾರವನ್ನು ತಮ್ಮನ ಮೇಲೆ ಬಿಟ್ಟಿದ್ದ. ಧ್ರುವನ ಹಕ್ಕು ಹಿರಿತನದ್ದೆಂದಾಗಲಿ ಗೋವಿಂದನ ಹುಟ್ಟಿನಲ್ಲಿ ದೋಷವಿತ್ತೆಂದಾಗಲಿ ಯಾರೂ ವಾದಿಸಲಿಲ್ಲ. ಕೆಲಸ ಬಿಟ್ಟವನು ಸ್ಥಾನ ಬಿಟ್ಟ ಎಂಬುದೇ ವಾದ. ಆಮೇಲೆ ಧ್ರುವ ತನ್ನ ಮಕ್ಕಳ ವಿಷಯದಲ್ಲಿ ಹಿರಿಯನಾದ ಸ್ತಂಭನನ್ನು ಗಂಗವಾಡಿಯ ಆಡಳಿತಕ್ಕೆ ಕಳಿಸಿ, ಕಿರಿಯನಾದ ಗೋವಿಂದನಿಗೆ ಯುವರಾಜ ಪದವಿ ಕೊಟ್ಟ. ಆ ಪದವಿಯ ಗುರುತು ಕಂಠಿಕೆ, ಕೊರಳಿಗೆ ಕಟ್ಟುವ ಒಂದು ಆಭರಣ. ಕಿರೀಟ ತಲೆಯ ಮೇಲಾದರೆ ಕಂಠಿಕೆ ಕೊರಳಲ್ಲಿ. 808ರ ರಾಧನಪುರ ಶಾಸನದಲ್ಲಿ ಒಂದು ಸಂದರ್ಭ ಬರುತ್ತದೆ: ತಂದೆ ಪಟ್ಟವನ್ನೇ ಬಿಟ್ಟುಕೊಡಲು ಮುಂದಾದಾಗ ಗೋವಿಂದ ಒಪ್ಪಲಿಲ್ಲ, ತಾವು ಕಟ್ಟಿದ ಕಂಠಿಕೆಯೇ ನನಗೆ ಮೀರಲಾರದ ಆಜ್ಞೆ, ಅದೇ ಸಾಕು ಎಂಬರ್ಥದ ಮಾತಾಡಿದ. 793ರಲ್ಲಿ ಧ್ರುವ ತೀರಿಕೊಂಡ ಮೇಲೆ ಸ್ತಂಭ ಸುಮ್ಮನಿರಲಿಲ್ಲ. ಹನ್ನೆರಡು ಅರಸರನ್ನು ಕೂಡಿಸಿಕೊಂಡು ತಮ್ಮನ ಮೇಲೆ ಎದ್ದ, ಸೋತ. ಅಂಥವನನ್ನು ಕೊಲ್ಲದೆ, ಸೆರೆಯಲ್ಲೂ ಇಡದೆ, ಮೂರನೆಯ ಗೋವಿಂದ ಮತ್ತೆ ಗಂಗವಾಡಿಗೇ ಕಳಿಸಿದ. 807ರ ಚಾಮರಾಜನಗರದ ತಾಮ್ರಶಾಸನದಲ್ಲಿ ರಣಾವಲೋಕ ಕಂಬರಸ ಎಂಬ ಹೆಸರಿನಿಂದ ಅದೇ ಅಣ್ಣ ತಲಕಾಡಿನಲ್ಲಿ ಬೀಡು ಬಿಟ್ಟು, ಬದನಗುಪ್ಪೆ ಗ್ರಾಮವನ್ನು ಜೈನ ಗುರುವಿಗೆ ಬಿಟ್ಟುಕೊಡುವುದನ್ನು ಕಾಣುತ್ತೇವೆ. ಹಿರಿಯನಿಗೆ ಸೀಮೆ ಉಳಿಯಿತು, ಕಂಠಿಕೆ ಬರಲಿಲ್ಲ. ಹುಟ್ಟಿಗೂ ಪದವಿಗೂ ನಡುವಿನ ಅಂತರವನ್ನು ಇಷ್ಟು ತಿಳಿಯಾಗಿ ತೋರಿಸುವ ಇನ್ನೊಂದು ನಿದರ್ಶನ ನನಗೆ ಗೊತ್ತಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಈ ಶಾಸನಗಳೆಲ್ಲ ಗೆದ್ದವರು ಬರೆಸಿದವು, ಹೊಗಳುಭಟರ ಕೈಕೆಲಸ. ಗೋವಿಂದ ಅಣ್ಣನ ಹಕ್ಕನ್ನು ಕಿತ್ತುಕೊಂಡು ಆಮೇಲೆ ಕಂಠಿಕೆಯ ಕಥೆ ಕಟ್ಟಿರಬಹುದಲ್ಲ? ಕಟ್ಟಿರಬಹುದು. ಈ ಸಂಶಯವನ್ನು ನಾನು ತಳ್ಳಿಹಾಕುವುದಿಲ್ಲ. ಬಿಲ್ಹಣನ ವಿಕ್ರಮಾಂಕದೇವಚರಿತದಲ್ಲಿ ಇದು ಇನ್ನೂ ಢಾಳಾಗಿದೆ. ಕಾಶ್ಮೀರದಿಂದ ಕಲ್ಯಾಣಕ್ಕೆ ಬಂದು ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿಯಾಗಿದ್ದ ಆ ಕವಿಗೆ, 1076ರಲ್ಲಿ ಅಣ್ಣ ಸೋಮೇಶ್ವರನನ್ನು ಇಳಿಸಿ ಪಟ್ಟಕ್ಕೆ ಬಂದ ತನ್ನ ಅರಸನ ನಡೆಯನ್ನು ಸಮರ್ಥಿಸುವ ಹೊಣೆಯಿತ್ತು. ಆತ ಬರೆಯುತ್ತಾನೆ: ತಂದೆ ಆಹವಮಲ್ಲ ತನ್ನ ನಡುವಿನ ಮಗ ವಿಕ್ರಮನಿಗೇ ಯುವರಾಜ ಪದವಿ ಕೊಡಬೇಕೆಂದಿದ್ದ, ಅಣ್ಣನಿರುವಾಗ ತನಗೆ ಅದು ಸಲ್ಲದೆಂದು ವಿಕ್ರಮ ನಿರಾಕರಿಸಿದ, ಸೋಮೇಶ್ವರನಿಗೆ ಪದವಿಯಾಯಿತು, ಆದರೆ ಅರಸನ ಭಾರವನ್ನೂ ಯುವರಾಜನ ಭಾರವನ್ನೂ ಹೊತ್ತವನು ವಿಕ್ರಮನೇ. ಇದರಲ್ಲಿ ನಿಜವೆಷ್ಟು, ಕಟ್ಟಿದ್ದೆಷ್ಟು ಎಂದು ಅಳೆಯುವುದು ಕಷ್ಟ. ಸೋಮೇಶ್ವರನೂ ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರುಗಳನ್ನು ಆಳಿದವನು, ಕೈಕಟ್ಟಿ ಕೂತವನಲ್ಲ ಎಂಬುದನ್ನು ಶಾಸನಗಳು ಹೇಳುತ್ತವೆ. ಆದರೂ ನನ್ನ ವಾದಕ್ಕೆ ಬಿಲ್ಹಣನ ಸುಳ್ಳೂ ಸಾಕ್ಷಿಯೇ. ಕೇಳುವವರು ಒಪ್ಪಲಾರದ ಕಾರಣವನ್ನು ಯಾವ ಸಮರ್ಥಕನೂ ಮುಂದಿಡುವುದಿಲ್ಲ. ಹುಟ್ಟಿನ ಸರದಿಯೇ ಎಲ್ಲರಿಗೂ ಕಡೆಯ ಮಾತಾಗಿದ್ದರೆ, ಬಿಲ್ಹಣ ಹೇಗಾದರೂ ಮಾಡಿ ತನ್ನ ಅರಸನನ್ನು ಹಿರಿಯನೆಂದು ತೋರಿಸಬೇಕಾಗುತ್ತಿತ್ತು, ಇಲ್ಲವೆ ಅಣ್ಣನ ಜನ್ಮವನ್ನು ಹೀಗಳೆಯಬೇಕಾಗುತ್ತಿತ್ತು. ಅವನು ಹಿಡಿದ ದಾರಿ ಬೇರೆ. ಪದವಿ ಒಬ್ಬನಲ್ಲಿತ್ತು, ಪದವಿಯ ಕೆಲಸ ಇನ್ನೊಬ್ಬನಲ್ಲಿತ್ತು, ಆದ್ದರಿಂದ ರಾಜ್ಯ ಎರಡನೆಯವನಿಗೆ ನ್ಯಾಯವಾಗಿಯೇ ಸಂದಿತು ಎಂದ. ಕಲ್ಯಾಣದ ಆಸ್ಥಾನ ಈ ಮಾತನ್ನು ನ್ಯಾಯವೆಂದು ಬಗೆಯುತ್ತಿತ್ತು ಎಂಬುದೇ ನಮಗೆ ಮುಖ್ಯ.

ಎರಡನೆಯ ಆಕ್ಷೇಪ ಶಾಸ್ತ್ರದ್ದು. ಹಿರಿಯ ಮಗನಿಗೇ ರಾಜ್ಯ ಎಂಬುದು ಧರ್ಮಶಾಸ್ತ್ರಗಳ ಸಾಮಾನ್ಯ ನಿಯಮ, ಕೌಟಿಲ್ಯನೂ ಅದನ್ನು ಮೆಚ್ಚುತ್ತಾನೆ. ಹಾಗಿದ್ದಮೇಲೆ ನಾನು ತೋರಿಸುತ್ತಿರುವುದು ಅಪವಾದಗಳನ್ನಲ್ಲವೆ? ಹೌದು, ಬಹುಪಾಲು ಸಂದರ್ಭಗಳಲ್ಲಿ ಯುವರಾಜನಾದವನು ಹಿರಿಯ ಮಗನೇ. ಅದನ್ನು ಅಲ್ಲಗಳೆದರೆ ಚರಿತ್ರೆಗೆ ಅಪಚಾರ. ಆದರೆ ಕೌಟಿಲ್ಯ ಹೇಳುವುದು ಆಪತ್ತಿಲ್ಲದಾಗ ಹಿರಿಯನಿಗೆ ಎಂದು. ಒಬ್ಬನೇ ಮಗನಾದರೂ ಅವಿನೀತನಾಗಿದ್ದರೆ ಅವನನ್ನು ಪಟ್ಟಕ್ಕೆ ಕೂರಿಸಬಾರದೆಂದು ಅದೇ ಅಧ್ಯಾಯದಲ್ಲಿ ಕಟ್ಟುನಿಟ್ಟಾಗಿ ಹೇಳುತ್ತಾನೆ. ಹಿರಿತನ ಒಂದು ಅರ್ಹತೆ, ಒಳ್ಳೆಯ ಅರ್ಹತೆ, ಅದೊಂದೇ ಸಾಲದು. ಹಿರಿಯ ಮಗನೇ ಇಲ್ಲದಾಗ, ಅಥವಾ ಅವನು ಎಳೆಯನಾಗಿದ್ದಾಗ ಏನಾಗುತ್ತಿತ್ತು? ಬಾದಾಮಿಯಲ್ಲಿ ಒಂದನೆಯ ಕೀರ್ತಿವರ್ಮ ತೀರಿಕೊಂಡಾಗ ತಮ್ಮ ಮಂಗಳೇಶ ಆಳಿದ. ಅಣ್ಣನ ಮಗ ಪುಲಿಕೇಶಿಯನ್ನು ಬದಿಗೊತ್ತಿ ತನ್ನ ಮಗನಿಗೆ ರಾಜ್ಯ ದಾಟಿಸಲು ನೋಡಿದ. ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡ ಎಂದು 634ರ ಐಹೊಳೆ ಶಾಸನ ಹೇಳುತ್ತದೆ. ಮುಂದಿನ ಅರಸ ಇವನೇ ಎಂದು ಎಲ್ಲರೆದುರು ಗೊತ್ತುಮಾಡಿ ಕೆಲಸ ಒಪ್ಪಿಸದಿದ್ದರೆ ಏನಾದೀತು ಎಂಬುದಕ್ಕೆ ಇದು ಪಾಠ. ಆ ಅಂತಃಕಲಹದ ತರುವಾಯದ ಬಾದಾಮಿ ಶಾಸನಗಳಲ್ಲಿ ವಿನಯಾದಿತ್ಯನ ಮಗ ವಿಜಯಾದಿತ್ಯ, ಅವನ ಮಗ ವಿಕ್ರಮಾದಿತ್ಯ, ಅವನ ಮಗ ಕೀರ್ತಿವರ್ಮ ಒಬ್ಬರ ಹಿಂದೊಬ್ಬರು ಯುವರಾಜರಾಗಿ ದಂಡಿನಲ್ಲೂ ಆಡಳಿತದಲ್ಲೂ ಕಾಣಿಸಿಕೊಳ್ಳುವುದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ. ಗಂಗರಲ್ಲಿ ಎರಡನೆಯ ರಾಚಮಲ್ಲನ ಯುವರಾಜನಾಗಿದ್ದವನು ತಮ್ಮ ಬೂತುಗ. ಅಣ್ಣನಿಗಿಂತ ಮೊದಲೇ ಅವನು ತೀರಿಕೊಂಡದ್ದರಿಂದ ಪಟ್ಟ ಅವನ ಮಗನಿಗೆ ಬಂತು.

ಇನ್ನು ಮೂರನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ತೂಕದ ಆಕ್ಷೇಪ. ಕೆಲಸದಿಂದ ತುಂಬಿದ ಈ ಪದವಿ ಕಲಹವನ್ನು ತಡೆಯಿತೆ, ಬೆಳೆಸಿತೆ? ಸೀಮೆ, ಬೊಕ್ಕಸ, ಸೈನ್ಯ ಕೈಯಲ್ಲಿದ್ದವನು ಕಾಯುವುದೇಕೆ? ಆರನೆಯ ವಿಕ್ರಮಾದಿತ್ಯ ತಾನು ಪಟ್ಟಕ್ಕೆ ಬಂದ ಮೇಲೆ ತಮ್ಮ ಜಯಸಿಂಹನನ್ನೇ ಯುವರಾಜನನ್ನಾಗಿ ಮಾಡಿದ. ಬನವಾಸಿ ಹನ್ನೆರಡು ಸಾಸಿರ, ಸಾಂತಳಿಗೆ ಸಾಸಿರ, ಬೆಳ್ವೊಲ, ಪುಲಿಗೆರೆಗಳಷ್ಟು ವಿಸ್ತಾರವಾದ ನಾಡು ಅವನ ಕೈಕೆಳಗಿತ್ತು. ಕೆಲವೇ ವರ್ಷಗಳಲ್ಲಿ ಅದೇ ನಾಡಿನ ಬಲದಿಂದ ಅವನು ಅಣ್ಣನ ಮೇಲೆ ತಿರುಗಿಬಿದ್ದು ಕೃಷ್ಣೆಯ ತೀರದಲ್ಲಿ ಸೋತು ಸೆರೆಸಿಕ್ಕಿದ. ಅಮೋಘವರ್ಷ ನೃಪತುಂಗನ ಕಾಲದ ದಂಗೆಯಲ್ಲಿ ಅವನ ಮಗನೇ ವಿರೋಧಿಗಳ ಪಕ್ಷ ಸೇರಿದ್ದ, ಸಾಮಂತ ಬಂಕೆಯ ಬಂದು ರಾಜ್ಯ ಉಳಿಸಿದ ಎಂದು ಕೊಣ್ಣೂರಿನ ಶಾಸನ ಹೇಳುತ್ತದೆ. ಹೊಯ್ಸಳ ವೀರಬಲ್ಲಾಳ ತಂದೆ ನರಸಿಂಹನ ವಿರುದ್ಧವೇ ಎದ್ದು 1173ರಲ್ಲಿ ಪಟ್ಟವೇರಿದ. ಈ ಭಯ ಹೊಸದಲ್ಲ. ರಾಜಪುತ್ರರು ಏಡಿಯ ಮರಿಗಳಂತೆ ಹೆತ್ತವರನ್ನೇ ತಿನ್ನುವವರೆಂದು ಭಾರದ್ವಾಜ ಹೇಳಿದ್ದನ್ನು ಕೌಟಿಲ್ಯ ಎತ್ತಿಕೊಂಡು ಚರ್ಚಿಸುತ್ತಾನೆ. ಹುಟ್ಟಿದೊಡನೆ ಮುಗಿಸಿಬಿಡುವುದು, ಒಂದೆಡೆ ಕೂಡಿಹಾಕುವುದು, ಗಡಿಯ ಕೋಟೆಯಲ್ಲಿಡುವುದು, ಭೋಗದಲ್ಲಿ ಮುಳುಗಿಸಿ ತೆಪ್ಪಗಿರಿಸುವುದು, ಹೀಗೆ ಹಿಂದಿನವರು ಹೇಳಿದ ಉಪಾಯಗಳನ್ನೆಲ್ಲ ಒಂದೊಂದಾಗಿ ಎತ್ತಿ ಅವನು ತಳ್ಳಿಹಾಕುವುದು ಅರ್ಥಶಾಸ್ತ್ರದ ಅತ್ಯಂತ ಮನುಷ್ಯಪರವಾದ ಪುಟಗಳಲ್ಲೊಂದು. ಶಿಕ್ಷಣ ಕೊಡಿ, ವಿನಯವಂತನಾದವನಿಗೆ ಸೇನಾಪತ್ಯವನ್ನೋ ಯೌವರಾಜ್ಯವನ್ನೋ ಕೊಡಿ ಎಂಬುದು ಅವನ ನಿಲುವು. ಅಪಾಯ ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಕೆಲಸ ಕಲಿಯದವನ ಕೈಗೆ ಒಂದು ದಿನ ಇಡೀ ರಾಜ್ಯ ಬೀಳುವುದು ಅದಕ್ಕಿಂತ ದೊಡ್ಡ ಅಪಾಯ ಎಂದು ಅವನು ತೂಗಿ ನೋಡಿದ್ದ. ಜಯಸಿಂಹನ ದಂಗೆಯಿಂದ ನನ್ನ ವಾದ ಬೀಳುವುದಿಲ್ಲ, ಇನ್ನೊಂದು ಬಗೆಯಲ್ಲಿ ಗಟ್ಟಿಯಾಗುತ್ತದೆ. ಬರಿಯ ಬಿರುದು ಹೊತ್ತವನಿಗೆ ದಂಗೆಯೇಳುವ ಶಕ್ತಿ ಎಲ್ಲಿಂದ ಬರಬೇಕು? ನಂಬಿಕೆ ಉಳಿಸಿಕೊಂಡವರೂ ಇದ್ದರು. ಹೊಯ್ಸಳ ಎರೆಯಂಗ ತಂದೆ ವಿನಯಾದಿತ್ಯನ ದೀರ್ಘ ಆಳ್ವಿಕೆಯ ಬಹುಕಾಲ ಯುವರಾಜನಾಗಿಯೇ ದುಡಿದ, ಚಾಲುಕ್ಯರ ಪರವಾಗಿ ಮಾಳವದ ಧಾರೆಯವರೆಗೂ ಹೋಗಿ ಕಾದಿದ. ಅರಸನಾಗಿ ಅವನಿಗೆ ದಕ್ಕಿದ್ದು ಕೆಲವೇ ವರ್ಷ.

ಎಳೆಯ ಮಕ್ಕಳಿಗೆ ಪಟ್ಟ ಕಟ್ಟಿದ್ದನ್ನು ಏನೆನ್ನಬೇಕು ಎಂದು ತಾವು ಕೇಳಬಹುದು. 1133ರಲ್ಲಿ ವಿಷ್ಣುವರ್ಧನ ಬಂಕಾಪುರದಲ್ಲಿದ್ದಾಗ ದೋರಸಮುದ್ರದ ಹೊಸ ಬಸದಿಯಿಂದ ಪ್ರಸಾದ ಬಂತು. ಯುದ್ಧದ ಗೆಲುವೂ ಮಗನ ಜನನವೂ ಅದೇ ಹೊತ್ತಿಗೆ ಕೂಡಿಬಂದದ್ದರಿಂದ ಸಂತೋಷಗೊಂಡ ಅರಸ ದೇವರಿಗೆ ವಿಜಯಪಾರ್ಶ್ವ, ಮಗುವಿಗೆ ವಿಜಯನರಸಿಂಹ ಎಂದು ಹೆಸರಿಟ್ಟ. ಆ ನರಸಿಂಹ ಹುಟ್ಟಿದಂದಿನಿಂದಲೇ ಪಟ್ಟ ಪಡೆದವನೆಂದು ಹೊಯ್ಸಳ ಶಾಸನಗಳು ಹೇಳುತ್ತವೆ. ಸುಮಾರು 1524ರಲ್ಲಿ ಕೃಷ್ಣದೇವರಾಯ ಇನ್ನೂ ಆರು ವರ್ಷದ ಮಗ ತಿರುಮಲನಿಗೆ ಪಟ್ಟ ಕಟ್ಟಿ, ತಾನು ಮಂತ್ರಿಯಂತೆ ನಿಂತ ಎಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಮಗು ಕಾಯಿಲೆ ಬಿದ್ದು ತೀರಿಕೊಂಡಿತು. ವಿಷವಿಕ್ಕಿದರೆಂಬ ಸಂಶಯದಿಂದ ಮಂತ್ರಿ ಸಾಳುವ ತಿಮ್ಮರಸನ ಕಣ್ಣು ಕೀಳಿಸಿದರು ಎಂಬ ದಾರುಣ ಸಂಗತಿಯೂ ಅವನಿಂದಲೇ ನಮಗೆ ತಿಳಿದದ್ದು. ಈ ಎರಡು ಪ್ರಸಂಗಗಳಲ್ಲಿ ಪಟ್ಟಕ್ಕೆ ಕೆಲಸ ಅಂಟಿಕೊಂಡಿರಲಿಲ್ಲ, ಒಪ್ಪಿದೆ. ತನ್ನ ನಂತರ ದಾಯಾದಿಗಳು ಕಿತ್ತಾಡಿಯಾರು ಎಂಬ ತಂದೆಯ ಕಳವಳ ಅಲ್ಲಿ ಪಟ್ಟವನ್ನು ಬೇಲಿಯಂತೆ ಬಳಸಿತು. ಬೇಲಿ ಎಷ್ಟು ದುರ್ಬಲವಾಗಿತ್ತೆಂಬುದನ್ನು ವಿಜಯನಗರದ ಮುಂದಿನ ಕಥೆಯೇ ಹೇಳುತ್ತದೆ. ತಿರುಮಲ ಹೋದ ಮೇಲೆ ರಾಯ ಆರಿಸಿದ್ದು ಮಲಸಹೋದರ ಅಚ್ಯುತನನ್ನು. ಅಳಿಯ ರಾಮರಾಯ ಆ ಆಯ್ಕೆಯನ್ನೂ ನೆಮ್ಮದಿಯಿಂದ ಇರಗೊಡಲಿಲ್ಲ.

ಮೈಸೂರಿನ ಸಂಗತಿ ಹೇಳದೆ ಈ ವಿಷಯ ಪೂರ್ತಿಯಾಗುವುದಿಲ್ಲ, ಏಕೆಂದರೆ ಇಂದಿನ ಕನ್ನಡಿಗರ ಮನಸ್ಸಿನಲ್ಲಿ ಯುವರಾಜ ಎಂಬ ಹೆಸರಿಗೆ ಒಬ್ಬ ನಿಜವಾದ ವ್ಯಕ್ತಿಯ ಮುಖ ಕೊಟ್ಟವರು ಕಂಠೀರವ ನರಸಿಂಹರಾಜ ಒಡೆಯರು. 1888ರಲ್ಲಿ ಹುಟ್ಟಿದ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ತಮ್ಮ. ಮೈಸೂರಿನ ಯುವರಾಜ ಕಾಲೇಜು ಇಂದಿಗೂ ಆ ಪದವಿಯ ಹೆಸರನ್ನು ಹೊತ್ತಿದೆ. ಅಣ್ಣನಿಗೆ ಮಕ್ಕಳಿಲ್ಲದಾಗ ತಮ್ಮ ಯುವರಾಜನಾಗುವುದು ಗಂಗ ಬೂತುಗನ ಕಾಲದಿಂದ ಬಂದ ರೂಢಿಯೇ. ವ್ಯತ್ಯಾಸವಿದ್ದದ್ದು ಪದವಿಯ ಸುತ್ತಲಿನ ಲೋಕದಲ್ಲಿ. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದಾಗ ಬರೆದ ಪತ್ರದ ಕರಾರಿನಂತೆ, ಗವರ್ನರ್ ಜನರಲ್ ಮನ್ನಿಸುವ ತನಕ ಯಾವ ಉತ್ತರಾಧಿಕಾರವೂ ಊರ್ಜಿತವಲ್ಲ. ಕ್ರಿ.ಶ. 780ರಲ್ಲೋ 1076ರಲ್ಲೋ ಕಂಠಿಕೆ ಯಾರ ಕೊರಳಿಗೆ ಎಂಬುದು ಮನೆತನ, ಮಂತ್ರಿ, ಸಾಮಂತರ ನಡುವೆ ತೀರ್ಮಾನವಾಗುತ್ತಿತ್ತು. ಆಮೇಲೆ ಕಡೆಯ ಸಹಿ ಕಲ್ಕತ್ತೆಯಲ್ಲೋ ದಿಲ್ಲಿಯಲ್ಲೋ ಬೀಳಬೇಕಾಯಿತು. ಸೈನ್ಯ ನಡೆಸುವ ಕೆಲಸ ಹೋಯಿತು, ಸೀಮೆಯ ಆಡಳಿತ ದಿವಾನರ ಕಚೇರಿಗೆ ಹೋಯಿತು. ಲಕ್ಷ್ಮೇಶ್ವರದ ಕಂಬದಂಥದ್ದನ್ನು ಬರೆಸುವ ಅಧಿಕಾರ ಇಪ್ಪತ್ತನೆಯ ಶತಮಾನದ ಯುವರಾಜರಿಗೆ ಇರಲಿಲ್ಲ. ಇದು ಆ ವ್ಯಕ್ತಿಯ ಕೊರತೆಯಲ್ಲ. ಹುಟ್ಟಿನಿಂದ ಬಂದ ಗೌರವ ಎಂಬ ಇಂದಿನ ಅರ್ಥ ಯುವರಾಜ ಪದವಿಗೆ ಗಟ್ಟಿಯಾಗಿ ಅಂಟಿಕೊಂಡದ್ದು ಈ ಕಾಲದಲ್ಲಿ ಎಂದು ನಾನು ಭಾವಿಸುತ್ತೇನೆ. ಕೆಲಸ ಕಳಚಿಕೊಂಡ ಮೇಲೆ ಉಳಿದದ್ದು ಗೌರವವೊಂದೇ. 1940ರ ಮಾರ್ಚ್‌ನಲ್ಲಿ ಯುವರಾಜರು ಮುಂಬಯಿಯಲ್ಲಿ ತೀರಿಕೊಂಡರು, ಆಗಸ್ಟ್‌ನಲ್ಲಿ ನಾಲ್ವಡಿಯವರು. ಯುವರಾಜರ ಮಗ ಜಯಚಾಮರಾಜ ಒಡೆಯರು ಇಪ್ಪತ್ತೊಂದರ ವಯಸ್ಸಿಗೆ ಪಟ್ಟಕ್ಕೆ ಬಂದರು. ಹತ್ತು ವರ್ಷ ತುಂಬುವ ಮೊದಲೇ ರಾಜ್ಯ ಪ್ರಜೆಗಳ ಕೈಗೆ ಬಂತು. 1971ರ ಇಪ್ಪತ್ತಾರನೆಯ ತಿದ್ದುಪಡಿ ಅರಸರಿಗೆ ಸಂವಿಧಾನ ಕೊಟ್ಟಿದ್ದ ಮನ್ನಣೆಯನ್ನೂ ರಾಜಧನವನ್ನೂ ನಿಲ್ಲಿಸಿತು.

ಅರಸೊತ್ತಿಗೆ ಮರಳಬೇಕೆಂಬ ಹಂಬಲ ನನಗಿಲ್ಲ. ಅಧಿಕಾರ ಪ್ರಜೆಗಳಿಂದ ಬರಬೇಕಾದದ್ದು ಎಂಬ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ನನ್ನ ಕಳಕಳಿ ಚರಿತ್ರೆಯ ಓದಿನದು. ನಮ್ಮ ರಾಜವಂಶಗಳ ಪಟ್ಟಿಗಳಲ್ಲಿ ಒಬ್ಬ ಅರಸನ ಬದುಕು ಪಟ್ಟಾಭಿಷೇಕದ ವರ್ಷದಿಂದ ಆರಂಭವಾಗುತ್ತದೆ. ಅದಕ್ಕೆ ಹಿಂದಿನ ಹತ್ತಿಪ್ಪತ್ತು ವರ್ಷಗಳ ದುಡಿಮೆ ತಂದೆಯ ಲೆಕ್ಕಕ್ಕೆ ಸೇರುತ್ತದೆ, ಇಲ್ಲವೆ ಅಡಿಟಿಪ್ಪಣಿಗೆ ಇಳಿಯುತ್ತದೆ. ಪಟ್ಟಕ್ಕೆ ಬರದೆ ತೀರಿಕೊಂಡ ಬೂತುಗನಂಥವರಿಗೆ, ಸೋತ ಜಯಸಿಂಹನಂಥವರಿಗೆ ಪಟ್ಟಿಯಲ್ಲಿ ಜಾಗವೇ ಇಲ್ಲ. ಸಂಶೋಧನೆ ಮಾಡುವ ತರುಣರು ಇಲ್ಲಿ ಬಂದಿದ್ದೀರಿ. ಯುವರಾಜರು ತಮ್ಮ ಹೆಸರಿನಲ್ಲೇ ಹೊರಡಿಸಿದ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕ, ಎಪಿಗ್ರಾಫಿಯಾ ಇಂಡಿಕ ಸಂಪುಟಗಳಿಂದ ಆಯ್ದು, ವಂಶಭೇದ ಬದಿಗಿಟ್ಟು, ಒಂದರ ಪಕ್ಕ ಒಂದನ್ನಿಟ್ಟು ಓದಿ ನೋಡಿ. ಆಳುವ ಅರಸನ ಹೆಸರು ಎಲ್ಲಿ ಬರುತ್ತದೆ, ಅಪ್ಪಣೆಯ ಮಾತು ಯಾವುದರಲ್ಲಿದೆ, ಯಾವುದರಲ್ಲಿಲ್ಲ, ದತ್ತಿ ಬಿಟ್ಟ ನೆಲ ಯುವರಾಜನ ಸೀಮೆಯೊಳಗಿನದೋ ಹೊರಗಿನದೋ, ಸಾಕ್ಷಿಗಳಾಗಿ ನಿಂತವರು ಅರಮನೆಯವರೋ ಊರಿನ ಮಹಾಜನರೋ ಎಂದು ಒಂದೊಂದಾಗಿ ಗುರುತು ಮಾಡಿಕೊಳ್ಳಿ. ಆಳಸ್ ಶಾಸನವನ್ನೂ ಲಕ್ಷ್ಮೇಶ್ವರದ ಕಂಬವನ್ನೂ ಜೊತೆಗಿಟ್ಟು ಆರಂಭಿಸಬಹುದು. ಇವೆರಡರ ನಡುವೆ ಅರ್ಧ ಶತಮಾನವೂ ಕಳೆದಿಲ್ಲ. ವಂಶ ಬದಲಾಗಿದೆ, ಯುವರಾಜನ ಕೈಯಲ್ಲಿದ್ದ ಅಧಿಕಾರ ಬದಲಾಗಿದೆಯೇ ಎಂಬ ಪ್ರಶ್ನೆಯನ್ನು ಅಲ್ಲಿಂದಲೇ ಕೇಳಲು ಬರುತ್ತದೆ.